ನಾಕಾಣೆ

ಎಣ್ಣಿ ಬ್ಯಾಡ, ಖಾರ ಬ್ಯಾಡ, ಅಂದರು ಡಾಕ್ಟರು.
ಕೋಳಿ ಬೇಕಂದ್ರ ಉಗಿಯೊಳಗ ಬೇಯಿಸಿ ಕೊಡ್ರಿ.
ಪಿತ್ತದ ಹರಳು ತಗದು ಅವತ್ತಿಗೆ ಒಂಬತ್ತು ದಿನ.
ಜಮಖಂಡಿಯಿಂದ ಬನಹಟ್ಟಿ ಮುಟ್ಟೂತನಾ
ಮಾಲನಬಿ ಆಡಿದ್ದು ಒಂದ ಮಾತು,
ಅದನ್ನೂ ನಾ ಎರಡ ಸಲ ಆಡಿಸಿದೆ:
'ಸಪ್ಪನ್ನ ಕೋಳಿ ತಿನ್ನೂದಕ್ಕಿಂತ
ಆ ಕೋಳಿ ಬದುಕ್ಲಿ ಬಿಡ್ರಿ.'

ಉಗಿ ಪಾತ್ರಿ ನಮ್ಮನ್ಯಾಗ ಇಲ್ಲ.
ಇಡ್ಲಿ ಅಂದ್ರ ಬಸ್‌ಸ್ಟ್ಯಾಂಡ್ ಮುಂದ ಸಿಗೂ ಪದಾರ್ಥ.
ಕುಕ್ಕರ್ ಐತಿ, ರಬ್ಬರ್ ಹರದು ಎರಡು ಮೊಹರಂ ಕಳದಾವ.
ಕತ್ತಲದಾಗೂ ಹರದ ಎಳಿ ಹುಡುಕಿ ಗಂಟು ಹಾಕೂ ಮನಶ್ಯಾ ನಾ,
ಹಗಲ ಹೊತ್ತಿನ್ಯಾಗ ಉಪ್ಪಿನ ಡಬ್ಬಿ ಸಿಗವಲ್ದು.

ಹಾಸಿಗಿ ಮ್ಯಾಲಿಂದನ ಆಕಿ ಕೈ ಮಾಡಿದಳು.
ಮೂವತ್ತು ವರ್ಷದ ಪಾವರಲೂಮು ನನ್ನ ಕಿವಿ ತಿಂದ ಮ್ಯಾಲ
ನಮ್ಮ ಸಂಸಾರದ ಅರ್ಧ ಮಾತು ಆಕಿ ಬೆರಳಾಗ ಐತಿ.
ದೊಡ್ಡ ಬೋಗಾಣಿ. ನಡುವ ಒಂದು ಬಟ್ಟಲ, ಬೋರಲ.
ಬಟ್ಟಲ ಮುಳಗಬಾರದು, ಅಷ್ಟ ನೀರು.
ಮ್ಯಾಲ ತಾಟು ನಿಲ್ಲಾಕ ಏನರ ಬೇಕಲ್ಲ?
ಹಿತ್ತಲದಾಗ ಎಮ್ಮಿಗೆ ಒಟ್ಟಿದ ಜ್ವಾಳದ ದಂಟು ತಂದು ತೊಳದೆ.
ಐದು ಹಾಸು, ಐದು ಹೊಕ್ಕು.
ಆ ಅಡಗಿಮನ್ಯಾಗ ನನಗ ಬರತಿದ್ದ ಕೆಲಸ ಅದೊಂದ.

ತುಂಡಿಗೆ ಉಪ್ಪು, ಅರಿಷಿಣ, ಜಜ್ಜಿದ ಹಸಿಶುಂಠಿ ಬಳ್ಳೊಳ್ಳಿ.
ಮುಚ್ಚಳಕ್ಕ ಅರಿವಿ ಸುತ್ತಬೇಕಂತ,
ಇಲ್ಲಂದ್ರ ಮ್ಯಾಲಿನ ಬೆವರು ಕೋಳಿ ಮ್ಯಾಲ ಸುರೀತೈತಿ.
ನಮ್ಮ ಮಗ್ಗದ ತುಂಡನ ಸುತ್ತಿದೆ, ಕೆಂಪ ದಡಿದು.
ಅಂಚಿಗೆ ಹಿಟ್ಟು ಮೆತ್ತಾಕ ಹ್ವಾದ್ರ ಆಕಿ ತಡದಳು,
ಗಂಟು ಬಿಚ್ಚಿ ಒಂದು ನಾಕಾಣೆ ಕೊಟ್ಟಳು,
ಬಜಾರದಾಗ ನಡೀದ ನಾಕಾಣೆ.
'ನೀರಾಗ ಒಗೀರಿ. ನೀರು ಇರೂತನಾ ಕುಣೀತೈತಿ,
ತೀರಿತು ಅಂದ್ರ ಸುಮ್ಮನಾಗ್ತೈತಿ.'
ನಾ ಕಿವಿ ಮುಟ್ಟಿ ತೋರಿಸಿದೆ.
'ಕೇಳೂದು ನಾ,' ಅಂದಳು, 'ನೀರು ಹಾಕೂದು ನೀವು.'

ಎರಡರ ಸುಮಾರಕ್ಕ ಕರೆಂಟ್ ಹೋತು.
ಓಣಿಯ ಮಗ್ಗ ನಿಂತದ್ದು ನನಗ ಅಂಗಾಲಿಗೆ ತಿಳೀತೈತಿ,
ನೆಲ ನಡಗೂದು ಬಿಟ್ಟಾಗ.
ತಿರುಗಿ ನೋಡಿದೆ. ಆಕಿ ಕಣ್ಣು ಮುಚ್ಚಿದ್ದಳು.
ಕೇಳಾಕ ಮುಚ್ಚಿದ್ದೋ, ನಿದ್ದಿಗೆ ಮುಚ್ಚಿದ್ದೋ.
ಕೈ, ಹೊಟ್ಟಿ ಮ್ಯಾಲಿನ ಪಟ್ಟಿ ಮುಟ್ಟಿಕೋತ, ಹಂಗ ಇತ್ತು.

ಎಬ್ಬಿಸಲಿಲ್ಲ.
ಕಟ್ಟಿ ಕಲ್ಲಿನ ಮ್ಯಾಲ ಅಂಗೈ ಊರಿದೆ.
ಮೊದಲು ಬರೇ ಬಿಸಿ.
ಆಮ್ಯಾಲ, ಎಲ್ಲೋ ತಳದಾಗ, ಒಂದು ಸಣ್ಣ ಲಾಳಿ
ಅತ್ತಾಗ ಇತ್ತಾಗ, ಅತ್ತಾಗ ಇತ್ತಾಗ.
ಎಷ್ಟು ಹೊತ್ತು ನಿಂತೆ ಗೊತ್ತಿಲ್ಲ.
ಕುಣಿತ ತಡವರಿಸಿತು. ನಿಂತಿತು.
ಒಂದು ತಂಬಗಿ ಬಿಸಿನೀರು, ಬಗಲಿಂದ, ಮೆಲ್ಲಕ.
ಮತ್ತ ಬೆರಳ ತುದಿಗೆ ಬಂತು.

ಅರ್ಧ ತಾಸಿಗೆ ಮುಚ್ಚಳ ತಗದೆ.
ಉಗಿ ಕನ್ನಡಕಕ್ಕ ಬಡದು ಮನಿ ಎಲ್ಲಾ ಬೆಳ್ಳಗಾತು.
ಸೂಜಿ ಚುಚ್ಚಿದೆ, ನೀರು ತಿಳಿ ಬಂತು, ಕೆಂಪಿಲ್ಲ.
ದಂಟಿನ ಸೀ ವಾಸನಿ ಮಾಂಸದಾಗ ಇಳದಿತ್ತು.

ಕಣ್ಣು ತಗೀದನ ಮಾಲನಬಿ ಅಂದಳು:
'ಒಂದ ಸಲ ನಿಂತಿತ್ತು. ಹೆಂಗ ತಿಳೀತು?'
ಅಂಗೈ ತೋರಿಸಿದೆ. ಕೆಂಪಗಾಗಿತ್ತು.
ಅದನ್ನ ಹಿಡಕೊಂಡು ಸ್ವಲ್ಪ ಹೊತ್ತು ಸುಮ್ಮನ ಕುಂತಳು,
ಒಂದು ತುಂಡು ತಿಂದಳು, ಇನ್ನೊಂದು ತಿಂದಳು,
ಆಮ್ಯಾಲ, ನನ್ನ ಮಾರಿ ನೋಡಿಕೋತ, ತುಟಿ ಬಿಡಿಸಿ ಬಿಡಿಸಿ,
'ಚಿಟಿಕಿ ಖಾರ' ಅಂದಳು.

ನನಗ ಕೇಳಸಲಿಲ್ಲ.