ಬೇವಿನಮರದ ಸ್ಕೂಲು

ಚೀಟಿಯನ್ನು ಅಂಗಿಯ ಜೇಬಲ್ಲಿಡಲಿಲ್ಲ.
ಒಗೆಯೋಕೆ ಹಾಕುವಾಗ ಸುಂಕಮ್ಮ ಜೇಬು ತಡಕುತ್ತಾಳೆ.
ಅಳತೆ ಟೇಪಿನ ಸುರುಳಿಯೊಳಗೆ ಸುತ್ತಿಟ್ಟೆ.
ಆಸ್ಪತ್ರೆಯಲ್ಲಿ ಡ್ರಿಪ್ ಬದಲಿಸುವ ಹುಡುಗ ಬರೆದುಕೊಟ್ಟದ್ದು:
ಕೌಲ್ ಬಜಾರ್, ಎರಡನೇ ಗೇಟು ದಾಟಿ,
ಬೇವಿನಮರದ ಸ್ಕೂಲು, ಗುರುವಾರ ಆರೂವರೆ.
ಕೆಳಗೆ ಇನ್ನೇನೋ ಬರೆದು ಹೊಡೆದುಹಾಕಿದ್ದ.
ಆ ಹೊಡೆದುಹಾಕಿದ್ದನ್ನೇ
ಮೂರು ವಾರ ಓದಿದೆ.

ಮೊದಲ ಗುರುವಾರ ಗೇಟು ಬಿದ್ದಿತ್ತು.
ಅದಿರು ತುಂಬಿದ ಗೂಡ್ಸು. ಐವತ್ತೆಂಟು ಡಬ್ಬಿ.
ಗೇಟು ಎದ್ದಾಗ ನನ್ನ ಮುಖ ಮಾರ್ಕೆಟ್ಟಿನ ಕಡೆಗಿತ್ತು.
ಎರಡನೇ ಗುರುವಾರದ ಮಾತು ಬೇಡ.
ಮೂರನೇದಕ್ಕೆ ಗೇಟು ತೆರೆದೇ ಇತ್ತು,
ಹಾಳಾದ್ದು, ಒಂದು ನೆಪವೂ ಇಲ್ಲ.

ಯಾವ ಅಂಗಡಿ ಎಷ್ಟಕ್ಕೆ ಷಟರ್ ಎತ್ತುತ್ತದೆ,
ಗಾಂಧಿ ಜಯಂತಿ ದಿನ ಯಾವ ಸಂದಿಯ ಯಾವ ಕಿಟಕಿಗೆ
ಎಷ್ಟು ಸಲ ಬೆರಳು ಬಡಿಯಬೇಕು,
ನಿದ್ದೆಗಣ್ಣಲ್ಲೂ ಹೇಳುತ್ತೇನೆ.
ಒಂದು ಸ್ಕೂಲು ಸಿಗಲಿಲ್ಲ.

ಕೇಳುವುದಾದರೂ ಏನಂತ?
ಸೋಡಾ ಮಾರುವವಳ ಹತ್ತಿರ ಟ್ಯೂಷನ್ನು ಎಲ್ಲಿ ಅಂದೆ.
"ಎಷ್ಟನೇ ಕ್ಲಾಸ್ ಹುಡುಗ?"
ನನ್ನ ನಲವತ್ತಾರು ವರ್ಷ ನುಂಗಿಕೊಂಡು
ಒಂದನೇ ಕ್ಲಾಸು ಅಂದೆ.

ಅವಳು ತೋರಿಸಿದ ಸಂದಿ
ಜೀನ್ಸಿಗೆ ಗುಂಡಿ ಹೊಡೆಯುವ ಶೆಡ್ಡಿಗೆ ಹೋಗಿ ನಿಂತಿತು.
ಎಲ್ಲ ಗುರುತಿನವರೇ. "ಮಾಸ್ತರ್, ಕೈ ಹೆಂಗೈತೆ ಈಗ?"
ಕೈಯನ್ನು ಜೇಬಿಗೆ ಹಾಕಿಕೊಂಡೆ.

ಕೈಯ ಕತೆ ಇಷ್ಟೇ.
ರಂಜಾನ್ ಆರ್ಡರು, ನೂರಿಪ್ಪತ್ತು ಪದರ ಬಟ್ಟೆ,
ಮೇಲೆ ಸೀಮೆಸುಣ್ಣದ ಗೆರೆ, ಕೈಯಲ್ಲಿ ಕಟಿಂಗ್ ಮಿಷನ್ನು.
ನಡುಗಿದ್ದು ಒಂದೇ ಸಲ.
ನೂರಿಪ್ಪತ್ತು ಪ್ಯಾಂಟಿನ ಬಲಗಾಲು
ಎರಡಿಂಚು ಗಿಡ್ಡ.
ಗೋಡೌನಿನಲ್ಲಿ ಇನ್ನೂ ಇವೆ,
ಒಂದು ಕಾಲೆತ್ತಿ ನಿಂತ ಕೊಕ್ಕರೆಗಳು.

ಶೆಡ್ಡಿನಿಂದ ಹೊರಬಿದ್ದವನನ್ನು
ಕಾಲು ತಾನಾಗಿಯೇ ವೈನ್ ಶಾಪಿನ ಜಾಲರಿಗೆ ತಂದು ಬಿಟ್ಟಿತು.
ಎರ್ರಿಸ್ವಾಮಿ ತಲೆ ಎತ್ತದೆ
ನನ್ನ ಕ್ವಾರ್ಟರ್ ಕಟ್ಟೆಯ ಮೇಲಿಟ್ಟ.
ಬಾಯಿ ಅದೇನು ಅಂದಿತೋ, ನನಗೇ ಆಮೇಲೆ ಕೇಳಿಸಿತು:
"ಬೇವಿನಮರದ ಸ್ಕೂಲ್ ಎಲ್ಲೈತಣ್ಣಾ?"

ತಲೆ ಎತ್ತಿದ.
ಒಂಬತ್ತು ವರ್ಷ, ಅವನ ಹುಬ್ಬಿನ ಮೇಲಿನ ಮಚ್ಚೆ
ನಾನು ಆವತ್ತು ನೋಡಿದೆ.
"ಆ ಮರ ಕಡಿದು ಎರಡು ವರ್ಸ ಆತು.
ಬುಡ ಐತೆ, ಅದರ ಮೇಲೆ ಸೊಪ್ಪಿನಾಕಿ ಕುಂದರ್ತಾಳೆ,
ಆಕಿ ಬೆನ್ನಿಗೇ ಬಾಗಿಲು."
ಸೀಸೆಯನ್ನು ಒಳಗೆ ಎಳೆದುಕೊಂಡ.
"ಜಲ್ದಿ ನಡಿ, ಸುರುವಾಗಿರ್ತೈತೆ."
ಅವನಿಗೆ ಹೆಂಗೆ ಗೊತ್ತು ಅಂತ ಕೇಳಲಿಲ್ಲ.

ಒಂದನೇ ಕ್ಲಾಸೇ.
ಹದಿನಾಲ್ಕಿಂಚಿನ ಬೆಂಚು, ಮೊಳಕಾಲು ಎದೆಗೆ.
ಬೋರ್ಡಿನ ಮೇಲೆ ಅಳಿಸದೆ ಬಿಟ್ಟ ಒಂದರ ಮಗ್ಗಿ.
ಏಳು ಜನ: ಖಾಕಿ ಬಿಚ್ಚದೆ ಬಂದ ಆಟೋದವನು,
ಪದವಿ ಕಾಲೇಜಿನ ಒಬ್ಬ ಲೆಕ್ಚರರ್ರು,
ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಒಬ್ಬಾಕೆ.
ಹೆಂಗಸರೂ ಬರುತ್ತಾರೆಂದು ಗೊತ್ತಿರಲಿಲ್ಲ.
ಆಕೆಯೇ ಟೀ ಹಾಕಿದಳು, ಅರ್ಧ ಕಪ್ಪು.
ಜಿಪುಣಿ ಅಂದುಕೊಂಡೆ.
ತುಟಿಗೆ ಒಯ್ಯುವಾಗ ಒಂದು ಹನಿಯೂ ಚೆಲ್ಲಲಿಲ್ಲ.
ಇಪ್ಪತ್ತು ವರ್ಷ ಟೇಪು ಹಿಡಿದವನು ನಾನು,
ಆಕೆ ನನ್ನ ಕೈಯ ಅಳತೆ
ಬಾಗಿಲಲ್ಲೇ ತಗೊಂಡಿದ್ದಳು.

ಅವರವರ ಸರದಿ, ಅವರವರ ಮಾತು.
ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.
ನನ್ನ ಸರದಿಗೆ "ಗಾದಿಲಿಂಗ" ಅಂದೆ.
ಮುಂದಿನದು ಬರಲಿಲ್ಲ.
ಅಷ್ಟರಲ್ಲಿ ಗೇಟಿನ ಗಂಟೆ, ಹಿಂದೆಯೇ ಗಾಡಿ,
ಕಿಟಕಿಯ ಸರಳು ಗದಗುಟ್ಟಿತು.
ಪೂರ್ತಿ ದಾಟುವ ತನಕ
ಯಾರೂ ಗಡಿಯಾರ ನೋಡಲಿಲ್ಲ.

ಮನೆಯಲ್ಲಿ ಸುಂಕಮ್ಮ ಹತ್ತಿರ ಬಂದು ಮೂಸಿದಳು.
ಟೀ. ನಂಬಲಿಲ್ಲ; ಮತ್ತೊಮ್ಮೆ ಮೂಸಿದಳು.
ಟೇಪು ಗೂಟಕ್ಕೆ ಹಾಕುವಾಗ ಚೀಟಿ ಜಾರಿತು.
ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.
ಬಹಳ ಹೊತ್ತು.
"ಆ ಕೆಳಗೆ ಹೊಡೆದುಹಾಕಿದ್ದು," ಅಂದೆ,
"ಅದೇನಂತ ಐತೆ?"

"ಯಾರದೋ ಫೋನ್ ನಂಬರು.
ಒಂಬತ್ತೇ ಅಂಕಿ ಅದಾವು."