ಬಾರ್‌ಟ್ಯಾಕ್

ಕೌಲ್ ಬಜಾರಿನ ಎರಡನೇ ಮಹಡಿ, ಹದಿನಾಲ್ಕು ಮಶೀನು.
ಸಂಜೆ ಆರಕ್ಕೆ ಮ್ಯಾಂಚೆಸ್ಟರಿನಿಂದ ಫೋನು ಬಂದರೆ
ಎರ್ರಿಸ್ವಾಮಿ ಕೈ ಎತ್ತುತ್ತಾನೆ,
ಹದಿನಾಲ್ಕೂ ನಿಲ್ಲುತ್ತವೆ.
ಆಮೇಲೆ ನನ್ನ ಮುಖ ನೋಡುತ್ತಾನೆ.
ನನಗೆ ತಿಂಗಳಿಗೆ ಒಂಬತ್ತು ಸಾವಿರ,
ಇಂಗ್ಲಿಷು ಕೇಳಿ ಕನ್ನಡ ಹೇಳುವುದಕ್ಕೆ.

ಆ ಕಡೆಯ ಗ್ರಹಾಂ ಒಳ್ಳೆಯ ಮನುಷ್ಯ.
ಬಣ್ಣ ಚೆನ್ನಾಗಿದೆ ಅನ್ನುತ್ತಾನೆ.
ಐ ಮೀನ್, ಕೆಟ್ಟದೇನಿಲ್ಲ ಅನ್ನುತ್ತಾನೆ.
ಐ ಮೀನ್, ನಿಮ್ಮ ತಪ್ಪಲ್ಲ.
ಐ ಮೀನ್, ಇಷ್ಟು ಗಾಢ ನೀಲಿ
ಈ ವರ್ಷ ನಮ್ಮಲ್ಲಿ ಯಾರು ಹಾಕುತ್ತಾರೆ, ಯು ನೋ?
ನನಗೆ ಗೊತ್ತಿಲ್ಲ. ಯೆಸ್ ಯೆಸ್ ಅನ್ನುತ್ತೇನೆ.

ಎರ್ರಿಸ್ವಾಮಿ ಬೆರಳು ಮಡಚುತ್ತಾನೆ:
"ಮೂರು ಸಲ ಮೀನು ಅಂದ.
ಡ್ಯಾಮಿನ ಮೀನೇನಲೇ? ನಮಗೂ ಒಂದು ಕೊಡು."

ಹೇಗೆ ಕೊಡಲಿ. ಅದು ಮಾತಲ್ಲ.
ಮಾತು ಹೊಸ್ತಿಲು ದಾಟಿದ ಮೇಲೆ
ಮರೆತ ಚೀಲಕ್ಕೆ ತಿರುಗಿ ಬರುತ್ತದಲ್ಲ,
ಆ ಹೆಜ್ಜೆ.

ನಮ್ಮಲ್ಲಿ ಇಲ್ಲವೇ, ಇದೆ.
ಐದನೇ ಮಶೀನಿನ ಸುಂಕಮ್ಮ ಅಂಟೇ ಅನ್ನುತ್ತಾಳೆ,
ಕಟಿಂಗ್ ಟೇಬಲ್ಲಿನ ಷೇಕ್ಷಾವಲಿ ಮತ್ಲಬ್ ಅನ್ನುತ್ತಾನೆ,
ನಾನು ಅಂದ್ರೆ ಅನ್ನುತ್ತೇನೆ.
ಒಂದು ದಾರದ ಉಂಡೆ ಯಾರದು ಅನ್ನುವ ಜಗಳದಲ್ಲಿ
ಮೂರೂ ಬಂದು ಹೋಗುತ್ತವೆ.
ಆದರೆ ನಮ್ಮ ಅಂದ್ರೆ ಜಾಸ್ತಿ ಕೇಳುವವರ ಕೈಯಲ್ಲಿರುತ್ತದೆ:
ಅಂದ್ರೆ? ಅಂತ
ಕೊನೆಗೊಂದು ಕೊಕ್ಕೆ ಸಿಕ್ಕಿಸಿ ಎಳೆಯುವುದೇ.
ಗ್ರಹಾಮನದು ಹಾಗಲ್ಲ,
ದಡದಲ್ಲಿ ಯಾರೂ ಕೂತಿಲ್ಲ,
ತಾನೇ ಹುಡುಕಿಕೊಂಡು ಬಂದು
ಗಾಳ ಕಚ್ಚುವ ಮೀನು.

ಇವತ್ತು ಉದ್ದದ್ದು ಬಂತು.
ವಾಟ್ ಐಯಾಮ್ ಟ್ರೈಯಿಂಗ್ ಟು ಸೇ ಈಸ್.
ಹೇಳಲು ನೋಡುತ್ತಿದ್ದಾನಂತೆ, ಪಾಪ.
ಹವಾಮಾನ ಹೇಳಿದ, ಬ್ಯಾಂಕು ಹೇಳಿದ,
ಹೆಂಡತಿಯ ಅಣ್ಣನ ಅಂಗಡಿ ಮುಚ್ಚಿದ್ದು ಹೇಳಿದ,
ಟು ಬಿ ಆನೆಸ್ಟ್ ಅಂದ ಎರಡು ಸಲ.
ಹಾಗಾದರೆ ಇಲ್ಲಿಯವರೆಗೆ?
ಕೊನೆಗೆ, ಇನ್ ಅದರ್ ವರ್ಡ್ಸ್,
ಬೇರೆ ಮಾತಲ್ಲಿ,
ಅಲ್ಲಿತನಕ ಒಂದೂ ಆಡಿರದ ಮಾತಲ್ಲಿ,
ಎರಡು ಸಾವಿರ ಪ್ಯಾಂಟು.

ಫೋನಿಟ್ಟೆ. ಎರ್ರಿಸ್ವಾಮಿ ನೋಡಿದ.
"ಸ್ವಲ್ಪ ತಡೀರಿ ಅಂತಾನೆ," ಅಂದೆ.
"ಅಂದ್ರೆ?"
"ಅಂದ್ರೆ ಸದ್ಯಕ್ಕೆ."
"ಅಂದ್ರೆ?"
"ಅಂದ್ರೆ ಬಣ್ಣ... ಅಂದ್ರೆ ಅವನ ಭಾಮೈದ..."
ನನ್ನ ಬಾಯಿಂದ ಗ್ರಹಾಂ ಹೊರಗೆ ಬರುತ್ತಿದ್ದ.

ಒಂಬತ್ತನೇ ಮಶೀನಿನ ಹೊನ್ನೂರಬೀ
ತಲೆ ಎತ್ತಲಿಲ್ಲ, ದಾರದ ತುದಿ ಕತ್ತರಿಸುತ್ತಿದ್ದಳು.
"ಬ್ಯಾಡಂತೆ," ಅಂದಳು. "ಅಷ್ಟೂ."
ಯೆಸ್ಸು ನೋ ಬಿಟ್ಟರೆ ಅವಳಿಗೆ ಇಂಗ್ಲಿಷು ಬಾರದು.
"ಒಂದೇ ಕಡೆ ಅಷ್ಟೊಂದು ಹೊಲೀತಾನೆ ಅಂದ್ರೆ
ಅಲ್ಲೇ ಹರಿದಿರಬೇಕಲ್ಲ."

ಅವಳ ಕೆಲಸವೇ ಅದು.
ಜೇಬಿನ ಬಾಯಿಯ ಎರಡು ತುದಿಗೆ,
ಹೊಲಿಗೆಯ ಮೇಲೆ ಹೊಲಿಗೆ, ಅರ್ಧ ಬೆರಳಗಲ,
ಇಪ್ಪತ್ತೆಂಟು ಕುಟುಕು.
ಕೈ ಹೋಗಿ ಬರುವ ಜಾಗ ನೋಡಿ.
ಬೆನ್ನಿನ ಕಡೆಯ ಬಟ್ಟೆಗೆ ಯಾರೂ ಹಾಕುವುದಿಲ್ಲ.

ಎರ್ರಿಸ್ವಾಮಿ ಕೈ ಎತ್ತಿಯೇ ಇದ್ದ, ಮರೆತು.
ಇಳಿಸಿದ. ಮಶೀನು ಶುರುವಾದವು,
ಎಲ್ಲ ಒಟ್ಟಿಗೆ ಅಲ್ಲ,
ಒಂದು, ಆಮೇಲೆ ನಾಲ್ಕು.

ಎಂಟೂವರೆಗೆ ಮೆಟ್ಟಿಲ ಹತ್ತಿರ
ಚಪ್ಪಲಿ ಹುಡುಕುತ್ತಾ ಹೊನ್ನೂರಬೀ ಅಂದಳು,
"ಸೋಮವಾರದಿಂದ ನಾನು ಬರಲ್ಲ."
ನಾನು ನಿಂತೆ.
ಇನ್ನೊಂದು ಬರುತ್ತದೆ ಅಂತ,
ಯಾಕೆಂದರೆ ಅಂತಲೋ, ಮತ್ಲಬ್ ಅಂತಲೋ,
ಎರಡನೇ ಚಪ್ಪಲಿ ಸಿಗುವವರೆಗಾದರೂ.
ಸಿಕ್ಕಿತು. ಇಳಿದು ಹೋದಳು.

ಬೀದಿಯಲ್ಲಿ ಮಿರ್ಚಿಯ ಎಣ್ಣೆ ಕಾಯುತ್ತಿತ್ತು.
ನಾನು ಹಾಕಿದ್ದು ಇಲ್ಲಿಯದೇ ಪ್ಯಾಂಟು,
ಹೋದ ವರ್ಷ ವಾಪಸು ಬಂದ ಮಾಲು.
ಜೇಬಿಗೆ ಕೈ ಹಾಕಿದೆ.
ತುದಿಯಲ್ಲಿ ಗಟ್ಟಿಯಾಗಿ
ಅವಳ ಇಪ್ಪತ್ತೆಂಟು ಇದ್ದವು.