ಅಡಿಗೊಂದು ಕಾಲಿಂಚು

ಬಕೆಟ್ ಇದ್ದದ್ದು ಮೂರನೇ ಸಾಲಿನಲ್ಲಿ,
ಬೂದು ಕಾರ್ಪೆಟ್ಟಿನ ಸುರುಳಿಗಳ ನಡುವೆ.
ಮೂರು ಚಳಿಗಾಲ ಅದಕ್ಕೆ ನಾನೇ ಆಳು:
ಬೀಗ ತೆಗೆ, ದೀಪ ಹಾಕು, ಬಕೆಟ್ ಚೆಲ್ಲು.
ಗಿರಾಕಿ ಕೇಳಿದರೆ
‘ಈಗಷ್ಟೇ ನೆಲ ಒರೆಸಿದೆವು’ ಅನ್ನುವುದು
ನಾಲಿಗೆಗೆ ರೂಢಿಯಾಗಿತ್ತು.

ಅದರ ನೆತ್ತಿಯ ನೇರಕ್ಕೆ
ಒಬ್ಬೊಬ್ಬರಾಗಿ ಮೂವರು ಹತ್ತಿ ತೇಪೆ ಹಚ್ಚಿ ಹೋದರು.
ಹನಿ ಮಾತ್ರ ತನ್ನ ಪಾಡಿಗೆ ತಾನು,
ಬಾಡಿಗೆ ವಸೂಲಿಗೆ ಬರುವವನ ಹಾಗೆ.

ನಾಲ್ಕನೆಯವನು ಡೋರ್ವಾಲಿನೊ,
ಅಝೋರ್ಸ್ ದ್ವೀಪದಲ್ಲಿ ಹುಟ್ಟಿ ಹ್ಯಾಮಿಲ್ಟನ್ನಿನಲ್ಲಿ ಮುದುಕನಾದವನು.
ಮೊಣಕಾಲಿಗೆ ರಬ್ಬರಿನ ಚಿಪ್ಪು ಕಟ್ಟಿಕೊಂಡೇ ಬಂದ.
ಬಕೆಟ್ ಕಡೆ ತಿರುಗಿಯೂ ನೋಡಲಿಲ್ಲ.
‘ನೀರು ಬೀಳುವ ಜಾಗ ಬೇರೆ, ನುಗ್ಗುವ ಜಾಗ ಬೇರೆ.
ಕತ್ತಲಾಗಲಿ, ಹತ್ತೋಣ.’

ಹನ್ನೊಂದು ವರ್ಷ ಇದರಡಿ ಸಂಬಳ ತಿಂದವಳು
ಅವತ್ತು ಮೊದಲ ಸಲ ಮೇಲೆ ಕಾಲಿಟ್ಟೆ.
ಕಪ್ಪು ಬಯಲು. ಗೊರಕೆ ಹೊಡೆಯುವ ಎ.ಸಿ. ಪೆಟ್ಟಿಗೆಗಳು.
ಯಾರೋ ಮರೆತ ಮಡಚುವ ಕುರ್ಚಿ, ಸುತ್ತ ಸಿಗರೇಟಿನ ತುಂಡು.
ದೂರದಲ್ಲಿ ಉಕ್ಕಿನ ಕಾರ್ಖಾನೆಯ ಬೆಂಕಿ,
ಅದರಾಚೆ, ಇದೆಯೋ ಇಲ್ಲವೋ ಅನ್ನುವಂಥ ಸರೋವರ.

‘ಚಪ್ಪಟೆ ತಾರಸಿ ಅನ್ನುವುದು ಮಾರುವವರ ಮಾತು.
ಅಡಿಗೊಂದು ಕಾಲಿಂಚು ಇಳಿಜಾರು ಬೇಕೇ ಬೇಕು.
ಕಣ್ಣಿಗೆ ಕಾಣಬಾರದು,
ನೀರಿಗೆ ಗೊತ್ತಾಗಬೇಕು.’

ಜೊತೆಗೆ ಬಂದ ಹುಡುಗಿ ನೆವೆಂಕಾ
ಶಾಖ ಕಾಣುವ ಕ್ಯಾಮೆರಾ ತೆರೆದಳು.
ಒಣಗಿದ್ದು ಹಗಲನ್ನು ಬೇಗ ಮರೆಯುತ್ತದಂತೆ,
ನೆಂದದ್ದು ರಾತ್ರಿಯವರೆಗೂ
ಬಿಸಿಲನ್ನು ಮಡಿಲಲ್ಲಿಟ್ಟುಕೊಂಡಿರುತ್ತದೆ.
ಪರದೆಯ ನೀಲಿಯಲ್ಲಿ ಹಳದಿಯೊಂದು ಹರಡಿತ್ತು,
ಅದರ ಅಂಚಿಗೆ ಅವಳು ಕಿತ್ತಳೆ ಬಣ್ಣ ಸಿಂಪಡಿಸುತ್ತ ನಡೆದಳು,
ಬಕೆಟ್ಟಿನಿಂದ ನಲವತ್ತು ಅಡಿ ದೂರಕ್ಕೆ,
ಎ.ಸಿ. ಪೆಟ್ಟಿಗೆಯ ಬುಡದವರೆಗೆ.

ಅಲ್ಲೊಂದು ಸ್ಕ್ರೂ.
ಯಾರದೋ ಬೂಟು ತುಳಿದು ಒಳಗಿಳಿಸಿದ್ದು.
ಎ.ಸಿ. ರಿಪೇರಿಯವನು ಬಂದದ್ದು ಮೂರು ವರ್ಷದ ಹಿಂದೆ.
‘ಕೆಲಸ ಸಮರ್ಪಕ’ ಎಂದು ಸಹಿ ಹಾಕಿದವಳು ನಾನೇ.

ಕಿತ್ತೊಗೆಯುವ ಕೆಲಸ ಜೂನಿನಲ್ಲಿ.
ಮೇಲಿನ ರಬ್ಬರು ಹೋಯಿತು,
ಹಲಗೆಗಳು ಸ್ಪಂಜಿನಂತೆ ನೀರು ಕಾರುತ್ತ ಹೋದವು,
ಅಡಿಯಲ್ಲಿ ಡಾಂಬರು, ಕಾಗದ, ಡಾಂಬರು, ಜಲ್ಲಿ.
ಡೋರ್ವಾಲಿನೊ ಸಲಿಕೆ ನಿಲ್ಲಿಸಿದ.

‘ಇದು ನನ್ನದು.’

ತೊಂಬತ್ತೆರಡು. ನವೆಂಬರ್.
ಹಿಮ ಬೀಳುವ ಮೊದಲು ಮುಗಿಸಿ ಅಂದಿದ್ದರಂತೆ ಮಾಲೀಕರು.
ಒದ್ದೆ ನೆಲದ ಮೇಲೇ ಕುದಿವ ಡಾಂಬರು ಸುರಿದಿದ್ದ,
ನೊರೆಯೆದ್ದು ಸಿಡಿದಿತ್ತು. ತೋಳು ಮಡಚಿ ಕಲೆ ತೋರಿಸಿದ,
ಒಂದು ಕಾಸಿನಗಲ, ನುಣುಪು.
‘ಗೊತ್ತಿತ್ತು. ಆದರೂ ಸುರಿದೆ.
ಮನೆಯಲ್ಲಿ ಎರಡು ತಿಂಗಳ ಮಗು.’
ಆಮೇಲೆ ಆ ಭಾಗವನ್ನು ಯಾರಿಗೂ ಮುಟ್ಟಗೊಡದೆ
ತಾನೇ ಕೆರೆದು, ಕೊಳವೆಗೆ ಸುರಿದ.
ಕೆಳಗೆ ಕಸದ ಲಾರಿ ಪ್ರತಿ ಸಲ ಒಮ್ಮೆ ನರಳಿತು.

ಹೊಸದು ಬಿಳಿ. ನೋಡಿದರೆ ಕಣ್ಣು ಕುಕ್ಕುತ್ತದೆ.
ನೆವೆಂಕಾ ಬಿಸಿಗಾಳಿಯಿಂದ ಅಂಚಿಗೆ ಅಂಚು ಕರಗಿಸಿ
ಉರುಳೆ ಒತ್ತುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುವಳು.
ಅವನು ಕೊಕ್ಕೆ ಹಿಡಿದು ಅವಳ ಬೆಸುಗೆಯನ್ನು
ಗೇಣು ಗೇಣು ಕೆದಕುವನು, ಸಿಟ್ಟಿರುವವನಂತೆ.
ಒಂದು ಕಡೆ ಕೊಕ್ಕೆ ಒಳಹೋಯಿತು.
ಇಬ್ಬರೂ ಮಾತಾಡಲಿಲ್ಲ. ಅವಳು ತೇಪೆ ಕತ್ತರಿಸಿದಳು,
ಮೂಲೆಗಳನ್ನು ದುಂಡಗೆ.

ಏಣಿಯ ಬೀಗದಕೈ ಈಗ ನನ್ನ ಗೊಂಚಲಿನಲ್ಲಿದೆ.
ವರ್ಷಕ್ಕೆರಡು ಸಲ ಹತ್ತಬೇಕೆಂದು ಅವನ ತಾಕೀತು.
ನಿನ್ನೆ ಹತ್ತಿದೆ, ಅದೇ ಬಕೆಟ್ ಹಿಡಿದು.
ನೀರಿಳಿಯುವ ಬಾಯಿಗೆ ಸಿಕ್ಕಿಕೊಂಡಿದ್ದವು
ಮೇಪಲ್ ಬೀಜ, ಕಡಲಹಕ್ಕಿಯ ಎಲುಬು,
ಬೋಳಾದ ಟೆನಿಸ್ ಚೆಂಡು.
ಬಾಚಿ ತುಂಬಿಕೊಂಡೆ.

ಹಿಂದಿನ ರಾತ್ರಿ ಜೋರು ಮಳೆ.
ಮಂಡಿಯೂರಿ ಕೆನ್ನೆ ನೆಲಕ್ಕೆ ತಾಗಿಸಿ ನೋಡಿದೆ,
ಇಳಿಜಾರು ಕಾಣಲಿಲ್ಲ.
ಆಗ್ನೇಯ ಮೂಲೆಯಲ್ಲಿ ಮಾತ್ರ ಅಂಗೈಯಗಲ ನೀರು,
ಅದರಲ್ಲಿ ಒಂದು ಮೋಡ.
ನೀಲಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು
ತಾರೀಕು, ಗಂಟೆ ಬರೆದಿದ್ದೇನೆ.
ಎರಡು ದಿನ ಸಮಯ ಕೊಟ್ಟಿದ್ದೇನೆ.